ಪಟ್ಟಿಯಲ್ಲಿಲ್ಲದ ಕೇಬಲ್

ಕರೆಂಟು ಹೋಗಿ ಬಂತು. ಅಂಕೋಲೆಯ ಮಾವು ಬೆಳೆಗಾರರ ಸಂಘದ ಗುಮಾಸ್ತ ಸುನಿಲ ಹಣೆ ಚಚ್ಚಿಕೊಂಡ. ತೂಕದ ಮಷೀನಿನ ಮೇಲೆ ಮೂವತ್ತೆರಡು ಕಿಲೋ ಎಂದು ಕೆಂಪಗೆ ಉರಿಯುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಸೊನ್ನೆ. ಕಂಪ್ಯೂಟರಿಗೆ ತೂಕ ಬಾರದೆ ಚೀಟಿ ಇಲ್ಲ, ಚೀಟಿ ಇಲ್ಲದೆ ಬುಟ್ಟಿ ಲಾರಿ ಹತ್ತುವುದಿಲ್ಲ. ಕರಿ ಇಷಾಡು ಮಾವಿನ ಹಣ್ಣೋ, ಯಾರ ಮುಲಾಜಿಗೂ ಕಾಯುವಂಥದ್ದಲ್ಲ.

"ತಮಾ, ನಿನ್ನ ಮಷೀನು ಏಳೂದ್ರೊಳಗೆ ನನ್ನ ಹಣ್ಣು ರಸ ಆಗ್ತದೆ," ಎಂದರು ಕೊನೆಯ ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಬೊಮ್ಮು ಗೌಡರು.

ಸುನಿಲ ಕಾರವಾರಕ್ಕೆ ಫೋನ್ ಮಾಡಿದ. ಈ ತಿಂಗಳಲ್ಲಿ ಇದು ಏಳನೆಯ ಸಲ.

ಕಂಪ್ಯೂಟರ್ ರಿಪೇರಿ ಅಂಗಡಿಯ ನೀತಾ ಒಂದು ತಾಸಿಗೆ ಬಸ್ಸಿಳಿದು ಬಂದಳು. ಹೆಗಲಿಗೆ ಬ್ಯಾಗು, ಮೂಗಿನ ತುದಿಯಲ್ಲಿ ಒಂದು ಹನಿ ಬೆವರು. ಅದು ಈಗ ಬಿತ್ತು, ಆಗ ಬಿತ್ತು ಎಂದು ನೋಡುತ್ತ ನಿಂತ ಸುನಿಲನಿಗೆ ತನ್ನ ಮೇಲೇ ಸಿಟ್ಟು ಬಂತು.

"ಅರೇ ದೇವಾ, ಮತ್ತೆ ಹೋಯ್ತಾ?"

"ನಮ್ಮೂರ ಕರೆಂಟಿಗೆ ನಿಮ್ಮ ಮೇಲೆ ಭಾಳ ಪ್ರೀತಿ. ಕರೆಸ್ತಾನೇ ಇರ್ತದೆ."

"ಕರೆಂಟಿಗಾದ್ರೂ ಅಷ್ಟು ಧೈರ್ಯ ಉಂಟು," ಎಂದು ಅವಳು ಕೀಬೋರ್ಡ್ ಎಳೆದುಕೊಂಡಳು.

ಮೊದಲ ಸಲವೇ ಅವಳು ಬಿಡಿಸಿ ಹೇಳಿದ್ದಳು. ಯಾವ ವಸ್ತು ಜೋಡಿಸಿದರೂ ಅದು ತನ್ನ ಕಂಪನಿಯ ನಂಬರು, ತನ್ನ ನಂಬರು ಎರಡನ್ನೂ ಹೇಳುತ್ತದೆ. ಕಂಪ್ಯೂಟರಿನೊಳಗಿನ ಯಜಮಾನ ಕರ್ನೆಲ್, ವಸ್ತುಗಳನ್ನು ನಡೆಸುವ ಡ್ರೈವರ್ ಎಂಬ ಒಂದೊಂದು ಪ್ರೋಗ್ರಾಮಿನ ಪಟ್ಟಿಯನ್ನೂ ಹುಡುಕಿ, ನಂಬರು ಸಿಕ್ಕ ಡ್ರೈವರನ್ನು ಕರೆದು "ನೋಡು, ಇದು ನಿನ್ನದೇ?" ಎನ್ನುತ್ತದೆ. ಈ ಮಷೀನಿನ ಕೇಬಲ್ಲಿನ ನಂಬರು ಯಾರ ಪಟ್ಟಿಯಲ್ಲೂ ಇಲ್ಲ. ನಡೆಸಬಲ್ಲ ಡ್ರೈವರ್ ಒಳಗೇ ಇದೆ, ಆದರೆ ಅದನ್ನು ಕರೆಯುವವರಿಲ್ಲ. ನೀತಾ ತನ್ನ ಪಾಸ್‌ವರ್ಡ್ ಹಾಕಿ, ಈ ನಂಬರನ್ನೂ ಪಟ್ಟಿಗೆ ಸೇರಿಸಿಕೋ ಎಂದು ಒಂದು ಸಾಲು ಬರೆಯುತ್ತಾಳೆ. ಕರೆಂಟು ಹೋದರೆ ಆ ಸಾಲೂ ಹೋಯಿತು.

ಇವತ್ತೂ ಅದೇ ಸಾಲು. ಮೂವತ್ತೆರಡು ಕಿಲೋ ಬಂತು, ಬೊಮ್ಮು ಗೌಡರಿಗೆ ಚೀಟಿಯೂ ಸಿಕ್ಕಿತು. ಸುನಿಲ ಎಂದಿನಂತೆ ಒಂದು ಹಣ್ಣು ಕೊಟ್ಟ. ಅವಳು ತೊಟ್ಟು ಕಿತ್ತು ಚೀಪತೊಡಗಿದಳು. ರಸ ಬಳೆಯವರೆಗೆ ಇಳಿಯಿತು. ಸುನಿಲ ಗೋಡೆಯ ಕ್ಯಾಲೆಂಡರ್ ನೋಡಿದ.

ಇನ್ನೊಮ್ಮೆ ಹೀಗಾದರೆ ಹುಬ್ಬಳ್ಳಿಯ ರಿಪೇರಿಯವರನ್ನು ಕರೆಸುತ್ತೇನೆಂದು ಸಂಘದ ಅಧ್ಯಕ್ಷರು ಇವತ್ತು ಮಷೀನು ನಿಂತಾಗಲೇ ಗದರಿದ್ದರು. ಇನ್ನು ಮಷೀನು ಕೆಟ್ಟರೆ ನೀತಾ ಬರುವುದಿಲ್ಲ. ಸರಿಯಾದರೂ ಬರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಸರಿಮಾಡುವ ದಾರಿಯನ್ನು ಅವನು ಮೂರು ದಿನದ ಹಿಂದೆಯೇ ಮೊಬೈಲಿನಲ್ಲಿ ಓದಿ, ಬಾಯಿ ಮುಚ್ಚಿಕೊಂಡಿದ್ದ. ಬೊಮ್ಮು ಗೌಡರು ಬುಟ್ಟಿಯ ತಳದಿಂದ ನಾಲ್ಕು ಒಡೆದ ಹಣ್ಣು ತೆಗೆದು ಬದಿಗಿಟ್ಟಾಗ ಅವನಿಗೆ ತಡೆಯಲಾಗಲಿಲ್ಲ.

"ನೀತಾ, ಆ ಸಾಲನ್ನ ಕಂಪ್ಯೂಟರ್ ಶುರುವಾಗುವಾಗ ಓದೂ ಫೈಲಲ್ಲಿ ಬರೆದ್ರೆ ಹೋಗೂದೇ ಇಲ್ಲ, ಅಲ್ಲಾ?"

ಅವಳ ಕೈ ಬಾಯಿಯ ಹತ್ತಿರವೇ ನಿಂತಿತು.

"ಐದು ನಿಮಿಷದ ಕೆಲಸ," ಎಂದ ಸುನಿಲ. "ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು." ಅವಳ ಕಿವಿಯ ತುದಿ ಕೆಂಪಾಗಿತ್ತು.

"ಮತ್ತೆ ಯಾಕೆ..."

"ಯಾಕೆ ಅಂತೆ!" ಗೊರಟು ಕಸದ ಡಬ್ಬಿಗೆ ಬಿತ್ತು. "ಬಸ್ಸಲ್ಲಿ ನೇತಾಡ್ಕೊಂಡು ಬರ್ತೆ. ಒಂದು ಹಣ್ಣು ಕೊಟ್ಟು, 'ಬಸ್ ಬಂತು ನೋಡಿ' ಅಂತ ಕಳಿಸ್ತೀರಿ. ಇವತ್ತಾದ್ರೂ ಬಾಯಿ ಬಿಡ್ತಾರೆ ಅಂತ ಎಷ್ಟು ಸಲ ಕಾಯೂದು ಮಾರಾಯ್ರೆ? ಬೊಮ್ಮಣ್ಣನ ಹಣ್ಣು ಹಾಳು ಮಾಡಿದ ಪಾಪ ಬೇರೆ ಸುತ್ಕೊಂಡೆ!"

ಕೈ ಒರೆಸಿಕೊಂಡು ಪಟಪಟನೆ ಬರೆದಳು. ಕಂಪ್ಯೂಟರ್ ಆರಿಸಿ ಹೊತ್ತಿಸಿದಳು. ಸುನಿಲ ಒಂದು ಹಣ್ಣು ಮಷೀನಿನ ಮೇಲಿಟ್ಟ. ತೂಕ ತಾನಾಗಿಯೇ ಬಂತು.

"ಮುಗೀತು. ಇನ್ನು ನನಗಿಲ್ಲಿ ಕೆಲಸ ಇಲ್ಲ," ಎಂದು ಬ್ಯಾಗು ಎತ್ತಿದಳು.

"ಕೆಲಸ ಇಲ್ದಿದ್ರೂ ಬಾ ನೀತಾ." ಬಹುವಚನ ಎಲ್ಲಿ ಬಿದ್ದುಹೋಯಿತೋ ಅವನಿಗೇ ತಿಳಿಯಲಿಲ್ಲ. "ನೀನಂದ್ರೆ ನಂಗೆ ಜೀವ. ಮೊದಲ ದಿನದಿಂದ."

ಅವಳು ಬಾಗಿಲಲ್ಲಿ ತಿರುಗಿದಳು. ಕಣ್ಣು ತುಂಬಿತ್ತು, ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಏಳು ಸಲ ನಾ ಬಂದೆ. ಇನ್ನು ನೀ ಬಾ."

ರಸ್ತೆಯಲ್ಲಿ ಕಾರವಾರದ ಬಸ್ಸು ಹಾರ್ನ್ ಹೊಡೆಯಿತು. ಅವಳು ಹೊರಟೇಹೋದಳು. ಸುನಿಲ ಕಂಬದಂತೆ ನಿಂತಿದ್ದ.

"ಎಂತ ನೋಡ್ತೆ ತಮಾ?" ಬೊಮ್ಮು ಗೌಡರು ರೇಗಿದರು. "ಕೊನೆ ಬುಟ್ಟಿ ತೂಗಿ ಆಯ್ತು. ಮಷೀನೂ ತನ್ನಷ್ಟಕ್ಕೆ ಏಳ್ತದೆ. ನಿಂದೊಂದೇ ಬಾಕಿ. ಓಡು!"

ಸುನಿಲ ಓಡಿದ. ಕಿಟಕಿ ಪಕ್ಕದ ಸೀಟಿನಲ್ಲಿದ್ದ ನೀತಾ ಬ್ಯಾಗನ್ನು ಮಡಿಲಿಗೆ ಎತ್ತಿಕೊಂಡು ಅವನಿಗೆ ಜಾಗ ಮಾಡಿದಳು.