ಕಪ್ಪು ನೆಲದ ಬಿಸಿ

ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ವರ್ಷ, 2007ರ ಮಳೆಗಾಲದ ಒಂದು ಭಾನುವಾರ, ಮಟ್ಟಾಂಚೇರಿಯ ಹಳೆಯ ಮನೆಯೊಂದರಲ್ಲಿದ್ದ ಮ್ಯೂಸಿಯಂ ನೋಡಲು ರೂಮ್‌ಮೇಟ್ ಜಾಯ್ಸ್ ಜೊತೆ ಹೋಗಿದ್ದೆ. ಒಳಗೆ ಬರಿಗಾಲಲ್ಲೇ ಹೋಗಬೇಕು. ನೆಲ ನೋಡಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಸುಟ್ಟ ತೆಂಗಿನ ಚಿಪ್ಪು, ಸುಣ್ಣ, ಮೊಟ್ಟೆಯ ಬಿಳಿ ಸೇರಿಸಿ ಉಜ್ಜಿ ಉಜ್ಜಿ ಮಾಡಿದ ಕಪ್ಪು ನೆಲ; ಚಾವಣಿಯ ಕೆತ್ತನೆಯೆಲ್ಲ ಅದರಲ್ಲಿ ಕಾಣುತ್ತಿತ್ತು.

ಅಷ್ಟೇ ತಣ್ಣಗೂ ಇತ್ತು. ಆದರೆ ಸ್ವಲ್ಪ ನಡೆದ ಮೇಲೆ ನಾನು ಕಾಲಿಟ್ಟ ಜಾಗ ಬೆಚ್ಚಗಿತ್ತು. ಮುಂದಿನ ಹೆಜ್ಜೆಯೂ ಹಾಗೇ. ಯಾರೋ ಆಗಷ್ಟೇ ನಡೆದುಹೋದಂತೆ. ನನ್ನ ಮುಂದೆ ಯಾರೂ ಇರಲಿಲ್ಲ.

“ಎಂತ ಮಾರಾಯ್ತಿ, ಕುಂಟುತ್ತಾ ಇದ್ದಿ?” ಎಂದಳು ಜಾಯ್ಸ್.

“ಇಲ್ಲಿ ಕಾಲಿಟ್ಟು ನೋಡು, ಬಿಸಿ ಉಂಟು.”

ಅವಳು ಇಟ್ಟು ನೋಡಿದಳು. “ಐಸಿನ ಹಾಗೆ ಉಂಟು!” ಎಂದು ನಕ್ಕು ಪಕ್ಕದ ಕೋಣೆಗೆ ಹೋದಳು.

ನಾನು ಆ ಬಿಸಿಯ ಹಿಂದೆಯೇ ಹೋದೆ. ಅದು ನಿಂತಲ್ಲಿ ನಿಂತು ಕಣ್ಣೆತ್ತಿದರೆ ಎದುರಿಗೆ ಒಂದು ಅದ್ಭುತ: ಹಡಗಿನ ಹಿತ್ತಾಳೆ ಲಾಟೀನು, ಬಣ್ಣ ಮಾಸದ ತೆಯ್ಯಂ ಮುಡಿ, ದೈವ ಕಟ್ಟುವವರ ದೊಡ್ಡ ಕಿರೀಟ. ಇಷ್ಟು ಅಭಿರುಚಿಯಿದ್ದವರು ಯಾರೂ ನನಗೆ ಯಾವತ್ತೂ ಮ್ಯೂಸಿಯಂ ತೋರಿಸಿಲ್ಲ.

ಕೊನೆಯ ಕೋಣೆಯಲ್ಲಿ, ಮುತ್ತಿನ ಚಿಪ್ಪು ಕೂರಿಸಿದ ಪೆಟ್ಟಿಗೆಯ ಮುಂದೆ, ಎರಡು ಪಾದಗಳಷ್ಟು ಜಾಗ ಬೆಚ್ಚಗಿತ್ತು. ನನ್ನ ಬೆರಳು, ಹಿಮ್ಮಡಿ ಎಲ್ಲ ಅದರಲ್ಲಿ ಅಳತೆ ಕೊಟ್ಟಂತೆ ಕೂತವು. ಅದು ತಣ್ಣಗಾಗುವವರೆಗೂ ನನಗೆ ಕಾಲೆತ್ತಲಾಗಲಿಲ್ಲ.

ಹೊರಗೆ ಜೋರು ಮಳೆ. ಜಗಲಿಯಲ್ಲಿ ಬಿಟ್ಟಿದ್ದ ಚಪ್ಪಲಿಗಳೆಲ್ಲ ಇರಚಲಿಗೆ ತೊಯ್ದಿದ್ದವು. ಜಾಯ್ಸ್ ತನ್ನದಕ್ಕೆ ಕಾಲು ತೂರಿಸಿ, “ಅಯ್ಯೋ, ಚಳಿ!” ಎಂದಳು.

ನನ್ನವು ಅವಳ ಚಪ್ಪಲಿಯ ಪಕ್ಕದಲ್ಲೇ ಇದ್ದವು. ಒಣಗಿದ್ದವು. ಬೆಚ್ಚಗಿದ್ದವು.