ಬಿಗಿದ ಮುಚ್ಚಳ

ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಡ್ರೈ ಐಸ್ ಇಟ್ಟು ಪ್ರಯೋಗ ತೋರಿಸಬೇಕು ಅನ್ನುವವರು ಎಂಥ ಗಟ್ಟಿಗರೇ ಆಗಿರಲಿ, ಮೊದಲು ಅವಳೆದುರು ಮಾಡಿ ಪಾಸಾಗಬೇಕು. ಸುರಕ್ಷತೆಯ ಹೊಣೆ ಅವಳದು. ಆ ಬೆಳಿಗ್ಗೆ ಥರ್ಮಾಕೋಲ್ ಡಬ್ಬ ತಬ್ಬಿಕೊಂಡು ಒಳಗೆ ಬಂದವನನ್ನು ನೋಡಿ, ತುಟಿಯವರೆಗೆ ಹೋದ ಟೀ ಲೋಟ ಅಲ್ಲೇ ನಿಂತಿತು.

ಅವನೂ ನಿಂತ. ಗಡ್ಡ ಹೊಸದು, ಕಣ್ಣು ಅದೇ.

"ನೀನು ಇಲ್ಲಿರ್ತೀಯ ಅಂತ ಗೊತ್ತಿರಲಿಲ್ಲ," ಅಂದ.

"ಗೊತ್ತಿದ್ರೆ ಬರ್ತಿರಲಿಲ್ಲ, ಅಲ್ವಾ?" ಅವಳು ಲೋಟ ಕೆಳಗಿಟ್ಟಳು. "ಇಲ್ಲಿ ನನ್ನನ್ನ ಎಲ್ಲರೂ ಮೇಡಂ ಅಂತಾರೆ. ಶುರು ಮಾಡಿ."

ಕಾಲೇಜು ದಿನಗಳಲ್ಲಿ ಇಬ್ಬರೂ ಜೋಡಿಯಾಗಿ ಶಾಲೆಯಿಂದ ಶಾಲೆಗೆ ಶೋ ಮಾಡುತ್ತ ತಿರುಗಿದವರು. ಮಕ್ಕಳು ಅವನನ್ನು ಹೊಗೆ ಮೇಷ್ಟ್ರು ಅಂತಿದ್ದರು. ಎರಡೂ ಮನೆಯಲ್ಲಿ ಮದುವೆಯ ಮಾತು ಹದಕ್ಕೆ ಬಂದಿತ್ತು. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ನೇರವಾಗಿ ಗ್ಯಾಸಾಗಿ ಉಬ್ಬುತ್ತೆ, ಹೊರಗೆ ದಾರಿ ಕೊಡದಿದ್ದರೆ ಬಾಟಲಿಯೇ ಬಾಂಬು ಅಂತ ಅವಳು ಬಾಯಿ ನೋಯುವಷ್ಟು ಹೇಳುತ್ತಿದ್ದಳು. ಒಂದು ರಿಹರ್ಸಲ್‌ನಲ್ಲಿ ಅವಳನ್ನು ಬೆಚ್ಚಿಬೀಳಿಸೋಣ ಅಂತ, ಅವಳು ಅತ್ತ ತಿರುಗಿದಾಗ ಅವನು ಮುಚ್ಚಳ ಬಿಗಿದ. ಬಾಟಲಿ ಅವಳ ಎಡಗಿವಿಯ ಪಕ್ಕದಲ್ಲೇ ಸಿಡಿಯಿತು. ಆ ಕಿವಿಗೆ ಮತ್ತೆ ಏನೂ ಕೇಳಿಸಲಿಲ್ಲ.

ಅವನು ಆಸ್ಪತ್ರೆಗೆ ಬರಲಿಲ್ಲ. ಫೋನ್ ನಂಬರೂ ಬದಲಾಯಿತು. ಅಂದಿನಿಂದ ಅವಳು ಅವನ ಮೇಲೆ ಹಲ್ಲು ಮಸೆಯುತ್ತಲೇ ಇದ್ದಳು. ಈಗ ಅವನೇ ಕೈಗೆ ಸಿಕ್ಕಿದ್ದ.

ಮೊದಲ ಸಲ ತೆಳು ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದಕ್ಕೆ ಫೇಲ್ ಮಾಡಿದಳು. ಅಷ್ಟು ಶೀತಕ್ಕೆ ಚರ್ಮ ಸುಟ್ಟಹಾಗೆ ಕಿತ್ತುಬರುತ್ತೆ, ದಪ್ಪ ಗ್ಲೌಸ್ ಬೇಕು ಅಂತ ನಿನಗೆ ಹೇಳಿಕೊಡಬೇಕಾ ಅನ್ನುವ ಹಾಗೆ ನೋಡಿದಳು. ಮುಂದಿನ ವಾರ ಗಾಗಲ್ಸ್ ಹಣೆಯ ಮೇಲಿತ್ತು, ಮತ್ತೆ ಫೇಲ್. ಅದರ ಮುಂದಿನ ವಾರ ಅವನು ಯಾವುದನ್ನೂ ಬಿಡಲಿಲ್ಲ. ಕಿಟಕಿಗಳನ್ನೆಲ್ಲ ತೆರೆದ, ಮಕ್ಕಳ ಬೆಂಚು ದೂರ ಸರಿಸಿದ, ಇಕ್ಕಳದಲ್ಲೇ ತುಂಡೆತ್ತಿದ, ಡಬ್ಬದ ಮುಚ್ಚಳ ಸಡಿಲವಾಗಿಟ್ಟ. ಅವಳು ತಪ್ಪಿಗಾಗಿ ತಡಕಾಡಿ ತಡಕಾಡಿ, ಕೊನೆಗೆ ನಿಮ್ಮ ನಗು ಜಾಸ್ತಿಯಾಯ್ತು, ಫೇಲ್ ಅಂದಳು.

"ಸರಿ ಮೇಡಂ," ಅಂದು ಅವನು ಡಬ್ಬ ಎತ್ತಿಕೊಂಡ. ಮಂಜು ಕಟ್ಟಿದ ಗಾಗಲ್ಸಿನ ಹಿಂದೆ ಅವನ ಕಣ್ಣು ಒಂದು ಗಳಿಗೆ ಅವಳ ಮೇಲೇ ನಿಂತಿತ್ತು. ಅವಳದೂ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಅಷ್ಟು ದ್ವೇಷವಿದ್ದರೆ ಗೇಟಿನಲ್ಲೇ ತಡೆಯಬಹುದಿತ್ತಲ್ಲ, ವಾರ ವಾರ ಕರೆಸಿಕೊಳ್ಳೋದು ಯಾಕೆ ಅಂತ ಅಕ್ಕ ಮನೆಯಲ್ಲಿ ಕೆಣಕಿದಳು. ನಾಲ್ಕು ಗೋಡೆ ಮಧ್ಯೆ ಸೋಲಿಸಿದರೆ ಸಾಲದು, ಎಲ್ಲರೆದುರು ಅವನ ಮಾನ ಹೋಗಬೇಕು ಅಂತ ಇವಳು ಖಾರವಾಗಿ ಅಂದಳು. ಆಮೇಲೆ ಅವನನ್ನು ಪಾಸ್ ಮಾಡಿದಳು.

ಕೇಂದ್ರದ ವಾರ್ಷಿಕ ದಿನ ಸಭಾಂಗಣ ತುಂಬಿತ್ತು. ವರ್ಷಪೂರ್ತಿ ಅವನನ್ನು ಶೋಗೆ ಕರೆಸಬೇಕೆಂದಿದ್ದ ಶಾಲೆಗಳ ಹೆಡ್‌ಮಾಸ್ಟರುಗಳು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವನು ನೀರಿನ ಪಾತ್ರೆಗೆ ಡ್ರೈ ಐಸ್ ಹಾಕಿ, ಅದರ ಬಾಯಿಯ ಮೇಲೆ ಸೋಪುನೀರಿನಲ್ಲಿ ಅದ್ದಿದ ಬಟ್ಟೆ ಎಳೆದ. ಬಿಳಿ ಹೊಗೆ ತುಂಬಿದ ಗುಳ್ಳೆ ಕುಂಬಳಕಾಯಿಯಷ್ಟಾಗಿ ಒಡೆದು ಮೇಜಿನಿಂದ ಕೆಳಗೆ ಚೆಲ್ಲಿತು. ಮಕ್ಕಳು ಹೋ ಅಂದರು.

ಅವಳು ವೇದಿಕೆ ಹತ್ತಿ ಮೈಕ್ ತೆಗೆದುಕೊಂಡಳು. "ಮಕ್ಕಳೇ, ಡ್ರೈ ಐಸ್ ಹಾಕಿದ ಬಾಟಲಿಗೆ ಮುಚ್ಚಳ ಬಿಗಿದರೆ ಏನಾಗುತ್ತೆ? ಇವರಿಗೆ ಸ್ವಂತ ಅನುಭವ ಇದೆ. ಕೇಳೋಣ."

ಅವನು ತೊದಲುತ್ತಾನೆ, ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದಳು. ಆಗ ಆಡಬೇಕಾದ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅವನು ನಿಧಾನವಾಗಿ ಗಾಗಲ್ಸ್ ತೆಗೆದ.

"ನಾನೊಮ್ಮೆ ಬಿಗಿದಿದ್ದೆ. ಬೇಡ ಅಂತ ಹೇಳಿದ್ರೂ, ತಮಾಷೆಗೆ. ಬಾಟಲಿ ಸಿಡೀತು. ಈ ಮೇಡಂ ಅವರ ಎಡಗಿವಿ ಹೋಯ್ತು. ನಾನು ಓಡಿಹೋದೆ."

 ಮುಂದಿನ ಸಾಲಿನಲ್ಲಿ ಒಬ್ಬ ಹೆಡ್‌ಮಾಸ್ಟರು ಎದ್ದು ಹೊರನಡೆದರು, ಅವರ ಹಿಂದೆ ಇನ್ನೊಬ್ಬರು. ಸಂಜೆಯೊಳಗೆ ಎಲ್ಲ ಶಾಲೆಗಳೂ ಅವನನ್ನು ಬೇಡ ಅಂದಿದ್ದವು. ಅವಳು ಬಯಸಿದ್ದೆಲ್ಲ ಆಗಿತ್ತು. ಆದರೂ ಟೀ ಲೋಟವನ್ನು ಹಾಗೇ ಬಿಟ್ಟು ಎದ್ದಳು.

ಹಿತ್ತಲಿನ ಬಯಲಲ್ಲಿ, ಯಾರೂ ಓಡಾಡದ ಕಡೆ, ಅವನು ಉಳಿದ ಡ್ರೈ ಐಸನ್ನು ಗಾಳಿಗೆ ಹರಡಿ ಅದು ಹಾರಿಹೋಗುವುದನ್ನು ಕಾಯುತ್ತಿದ್ದ. ಅವಳು ಹೋಗಿ ಎದುರು ನಿಂತಳು.

"ಆಸ್ಪತ್ರೆಗೆ ಯಾಕೆ ಬರಲಿಲ್ಲ?"

"ಬಾಗಿಲವರೆಗೆ ಬಂದಿದ್ದೆ. ನಿಮ್ಮಪ್ಪ ಪಕ್ಕದಲ್ಲೇ ಕೂತು ನಿನ್ನ ಕರೀತಿದ್ರು. ನೀನು ಬಲಗಿವಿ ದಿಂಬಿಗೊತ್ತಿ ಗೋಡೆ ನೋಡ್ತಾ ಮಲಗಿದ್ದೆ, ಕೇಳಿಸದೆ ತಿರುಗಲೇ ಇಲ್ಲ. ಅದನ್ನ ನೋಡಿದ ಮೇಲೆ ಒಳಗೆ ಕಾಲಿಡೋಕಾಗ್ಲಿಲ್ಲ. ಹೇಡಿತನ. ಅದಕ್ಕೆ ಬೇರೆ ಮಾತಿಲ್ಲ."

"ಮತ್ತೆ ಇಲ್ಲಿಗೆ ಯಾಕೆ ಬರ್ತಾನೇ ಇದ್ದೆ? ವಾರ ವಾರ ಫೇಲ್ ಮಾಡ್ತಿದ್ನಲ್ಲ."

ಅವನು ನೆಲ ನೋಡಿದ. "ಫೇಲ್ ಮಾಡೋಕಾದ್ರೂ ಅಷ್ಟು ಹೊತ್ತು ನನ್ನನ್ನೇ ನೋಡ್ತಿದ್ಯಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟನ್ನು ಮತ್ತೆ ಮುಖಕ್ಕೆ ಎಳೆದುಕೊಂಡಳು.

"ನಾನು ಕ್ಷಮಿಸಿಲ್ಲ."

"ಗೊತ್ತು."

"ಮುಂದಿನ ತಿಂಗಳಿಂದ ಇಲ್ಲಿ ನಾನೇ ಶೋ ಮಾಡ್ತೀನಿ. ನೀನು ಜೊತೆಗಿರ್ಬೇಕು. ಪ್ರತಿ ಶೋನಲ್ಲೂ, ಮಕ್ಕಳೆದುರು, ಮುಚ್ಚಳ ಬಿಗಿದವನು ನಾನೇ ಅಂತ ನಿನ್ನ ಬಾಯಲ್ಲೇ ಬರ್ಬೇಕು. ಒಂದು ಸಲವೂ ತಪ್ಪಿಸೋ ಹಾಗಿಲ್ಲ."

"ಎಲ್ಲೀವರೆಗೆ?"

"ನಂಗೆ ಸಾಕು ಅನ್ನಿಸೋವರೆಗೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. "ಹಾಗಾದ್ರೆ ಒಂದೇ ಒಂದು ಬೇಡಿಕೆ ಮೇಡಂ. ಯಾವತ್ತೂ ಸಾಕು ಅನ್ನಬೇಡಿ."

ಅವಳು ತಟ್ಟನೆ ಬೆನ್ನು ತಿರುಗಿಸಿದಳು, ಮುಖ ಕಾಣಬಾರದು ಅಂತ. "ಡಬ್ಬ ತಗೊಂಡು ಬಾ," ಅಂದು ಹೊರಟಳು. ಅವನು ಹಿಂದಿನಿಂದ ಓಡಿಬಂದು, ಸುತ್ತು ಹಾಕಿ, ಅವಳ ಬಲಗಡೆಗೆ, ಕೇಳಿಸುವ ಕಿವಿಯ ಕಡೆಗೆ, ಸೇರಿಕೊಂಡ. ಅವಳು ನಡಿಗೆ ನಿಧಾನ ಮಾಡಿದಳು.