ಎದ್ದು ಹೋದವಳ ಮತ

ಹತ್ತು ದಿನಗಳಲ್ಲಿ ಮೂವತ್ತೆಂಟು ಚಿತ್ರಗಳನ್ನು ನೋಡಿ ಮುಗಿಸಿದ್ದ ಹೇಮಾಂಬಿಕೆಯ ಕಣ್ಣುಗಳು ಕಡಲ ಉಪ್ಪು ತಾಗಿದಂತೆ ಉರಿಯುತ್ತಿದ್ದವು. ಅನಂತಪುರಿಯ ಒಡೆಯ ಪದ್ಮನಾಭನಂತೆ ತಾನೂ ಒಂದು ಯುಗದ ಮಟ್ಟಿಗೆ ಪವಡಿಸಿಬಿಟ್ಟರೆ ಸಾಕೆನಿಸಿತ್ತು. ಆದರೂ ತಾನು ಸದಸ್ಯೆಯಾಗಿದ್ದ ಸಿನಿಮಾ ವಿಮರ್ಶಕರ ಬಳಗದ ವಾರ್ಷಿಕ ಪ್ರಶಸ್ತಿಗಳು ತೀರ್ಮಾನವಾಗುವ ಆ ಬೆಳಿಗ್ಗೆ ಆಕೆ ಎಂದಿನಂತೆ ತಂಬಾನೂರಿನ ಕಾಫಿ ಹೌಸಿಗೆ ಬಂದಳು.

ಮೂಲೆಯ ಮೇಜಿನಲ್ಲಿ ಸೇತುನಾಥನು ಕಾದಿದ್ದನು.

“ಇವತ್ತು ಶಬ್ದದ ಪ್ರಶಸ್ತಿ ಸರದಿ ಅಲ್ವಾ ಟೀಚರೇ? ನಾನೇನೂ ಕೇಳಲ್ಲ ಬಿಡಿ.”

“ಕೇಳಿದ್ರೂ ಹೇಳಲ್ಲ.”

“‘ಈ ಚಿತ್ರದಲ್ಲಿ ಕಾಗೆಗಳು ಮಾತಾಡಿದಷ್ಟು ನಾಯಕಿ ಮಾತಾಡಿಲ್ಲ’ ಅಂತ ಬರೆದ ಮಹಾತಾಯಿ ನೀವು. ಆ ವರ್ಷ ನನ್ನ ಪ್ರಶಸ್ತಿ ತಪ್ಪಿಸಿದ್ದೂ ನೀವೇ.”

“ಕಾಗೆ ಜಾಸ್ತಿ ಆಗಿದ್ದು ನಿಜ. ಮತ ಯಾರಿಗೆ ಹಾಕಿದೆ ಅನ್ನೋದು ನಿಮಗೇನು ಗೊತ್ತು?”

ಆತನು ನಗುತ್ತ ಬಲಗಿವಿಯನ್ನು ಆಕೆಯತ್ತ ವಾಲಿಸಿದನು. ಮೂವತ್ತು ವರ್ಷ ಚಿತ್ರಗಳಿಗೆ ಶಬ್ದ ಹೊಂದಿಸಿದವನ ಎಡಗಿವಿ ಈಗ ಮಂಕಾಗಿತ್ತು. ಇದೇ ಕಡೆಯ ಚಿತ್ರವೆಂದು ಆತನೇ ಹೇಳಿದ್ದನು. ಹಿಂದೆ ನಾಲ್ಕು ಬಾರಿ ಕೊನೆಯ ಸುತ್ತಿಗೆ ಬಂದರೂ ಒಮ್ಮೆಯೂ ಪ್ರಶಸ್ತಿ ದೊರೆತಿರಲಿಲ್ಲ.

ಹನ್ನೊಂದು ವರ್ಷಗಳಿಂದ ವಾರಕ್ಕೆರಡು ಬಾರಿ ಇದೇ ಮೇಜು. ಆತ ವಿಧುರ, ಆಕೆ ಅವಿವಾಹಿತೆ. ಈ ಎರಡು ಸಂಗತಿಗಳು ಮೊದಲ ವಾರದಲ್ಲಿ ಒಮ್ಮೆ ಮಾತಿಗೆ ಬಂದು, ಅನಂತರ ಅತಿಥಿಗಳಂತೆ ಎದ್ದು ಹೋಗಿದ್ದವು.

ಸಭೆ ಗ್ರಂಥಾಲಯದ ಮಹಡಿಯಲ್ಲಿ. ಅಧ್ಯಕ್ಷರನ್ನು ಬಿಟ್ಟು ಏಳು ಮಂದಿ ಸದಸ್ಯರು. ಮತಗಳು ಸಮವಾದರೆ ಮಾತ್ರ ಅಧ್ಯಕ್ಷ ಕುರಿಯನ್ ಮಾಶ್, ಎಂದರೆ ಕುರಿಯನ್ ಮೇಷ್ಟ್ರು, ತಮ್ಮ ಮತ ನೀಡುವರು. ಪ್ರತಿ ವಿಭಾಗಕ್ಕೂ ಮೊದಲು ಮಾಶ್ ನೀಲಿ ಪುಸ್ತಕವನ್ನು ತೆರೆಯುವುದು ಬಳಗದ ಕಟ್ಟಳೆ. ಸದಸ್ಯರಲ್ಲಿ ಸ್ಪರ್ಧಿಗೆ ಬೇಕಾದವರು ಯಾರಾದರೂ ಇದ್ದರೆ ತಮ್ಮ ಹೆಸರನ್ನೂ ಸಂಬಂಧವನ್ನೂ ಅದರಲ್ಲಿ ಬರೆದು, ಮತ ಹಾಕದೆ ಜಗಲಿಗೆ ಹೋಗಬೇಕು.

ಊಟದ ಹೊತ್ತಿಗೆ ಸಹಸದಸ್ಯ ಜೋಸ್‌ಕುಟ್ಟಿ ಆಕೆಯ ಕಿವಿಯಲ್ಲಿ ಉಸುರಿದ್ದನು: “ನಾಲ್ಕು ಸೇತುಗೆ, ಮೂರು ಆ ಕೊಚ್ಚಿಯ ಹೊಸಬನಿಗೆ. ನಿಮ್ಮನ್ನೂ ಸೇರಿಸಿ ನಾಲ್ಕು, ಟೀಚರೇ. ಸಮ ಬಂತೋ, ಮಾಶ್ ಯಾವತ್ತೂ ಹೊಸಬರ ಕಡೆ.”

“ಶಬ್ದವಿನ್ಯಾಸ,” ಎಂದರು ಮಾಶ್. “ಯಾರಾದ್ರೂ ಏಳೋರಿದ್ದೀರಾ?”

ಹಿಂದಿನ ನಾಲ್ಕು ಬಾರಿಯೂ ಆಕೆ ನಿರ್ಮಲ ಮನಸ್ಸಿನಿಂದ ಕುಳಿತೇ ಇದ್ದಳು. ಆದರೆ ಕಳೆದ ವಾರ ಕತ್ತಲ ಮಂದಿರದಲ್ಲಿ ಆತನ ಚಿತ್ರ ಓಡುತ್ತಿದ್ದಾಗ, ನಾಯಕಿ ಕಾಫಿ ಕಪ್ಪನ್ನು ಮೇಜಿಗೆ ಇಳಿಸುವ ಸದ್ದು ಕೇಳಿತ್ತು. ಮೊದಲು ಒಂದು ತಾಗು, ಕ್ಷಣದ ಅನುಮಾನ, ಆಮೇಲೆ ಇಳಿಕೆ. ಜಗತ್ತಿನಲ್ಲಿ ಕಪ್ಪನ್ನು ಹಾಗೆ ಇಡುವವಳು ಹೇಮಾಂಬಿಕೆಯೊಬ್ಬಳೇ. ಹನ್ನೊಂದು ವರ್ಷ ಆತ ಅದನ್ನು ಕೇಳಿಸಿಕೊಂಡಿದ್ದನು! ಆಕೆಯ ಕಣ್ಣು ತುಂಬಿತ್ತು. ಅದು ಚಿತ್ರಕ್ಕಾಗಿಯೋ ತನಗಾಗಿಯೋ ಎಂದು ಆಕೆಗೆ ತಿಳಿಯಲೇ ಇಲ್ಲ. ತಿಳಿಯದವಳು ತೂಗಬಾರದು.

ಆಕೆ ಎದ್ದಳು.

“ಅಯ್ಯೋ, ಕೂತ್ಕೊಳ್ಳಿ,” ಎಂದನು ಜೋಸ್‌ಕುಟ್ಟಿ. “ಈಗ ಎದ್ರೆ ಆ ಮನುಷ್ಯ ಸೋಲ್ತಾನೆ. ಕಾಫಿ ಕುಡಿದಿದ್ದೆಲ್ಲ ಸಂಬಂಧ ಆಗುತ್ತಾ?”

“ಆಗುತ್ತೆ ಅಂತ ಹೋದ ವಾರದವರೆಗೂ ನನಗೂ ಗೊತ್ತಿರ್ಲಿಲ್ಲ ಜೋಸೇ.”

ಹೆಸರು ಬರೆದಳು. ಸಂಬಂಧದ ಅಂಕಣದ ಮುಂದೆ ಲೇಖನಿ ನಿಂತಿತು. ಕಡೆಗೆ ‘ಕೇಳಿ ತಿಳಿಸುತ್ತೇನೆ’ ಎಂದು ಬರೆದಳು.

ಮಾಶ್ ಕನ್ನಡಕವನ್ನು ಹಣೆಗೇರಿಸಿದರು. “ಇದೆಂಥ ಸಂಬಂಧ ಹೇಮಾ?”

“ಅದನ್ನೇ ಕೇಳ್ಬೇಕು ಮಾಶೇ.”

“ನಾಲ್ಕು ಗಂಟೆಗೆ ಪತ್ರಿಕೆಯವರು ಬರ್ತಾರೆ. ಅಷ್ಟರೊಳಗೆ ಕೇಳಿ, ಸರಿಯಾಗಿ ಬರೆದುಬಿಡಮ್ಮ.”

ಜಗಲಿಯ ಬೆಂಚಿನ ಮೇಲೆ ಆಕೆ ಕಾದಳು. ಬಾಗಿಲು ತೆರೆದಾಗ ಜೋಸ್‌ಕುಟ್ಟಿ ಇಲ್ಲವೆಂದು ತಲೆಯಾಡಿಸಿದನು.

ಕಾಫಿ ಹೌಸಿನಲ್ಲಿ ಸೇತುನಾಥನು ಇನ್ನೂ ಅದೇ ಮೂಲೆಯಲ್ಲಿದ್ದನು.

“ಬರ್ಲಿಲ್ಲ,” ಎಂದಳು, ಕೂರುವ ಮೊದಲೇ.

ಆತನು ಆಕೆಗೆ ಕುರ್ಚಿ ಸರಿಸಿಕೊಟ್ಟನು. “ಎಷ್ಟರಲ್ಲಿ ತಪ್ಪಿತು?”

“ಒಂದು ಮತ. ನನ್ನದು.”

“ಈ ಸಲವೂ ನನ್ನ ವಿರುದ್ಧವಾ?”

“ಹಿಂದಿನ ನಾಲ್ಕು ಸಲವೂ ನಿಮಗೇ ಹಾಕಿದ್ದೆ. ಕಾಗೆಗಳ ಸಮೇತ. ಈ ಸಲ ಯಾರಿಗೂ ಹಾಕ್ಲಿಲ್ಲ. ಎದ್ದು ಹೊರಗೆ ಬಂದೆ.”

ಎದ್ದು ಹೊರಗೆ ಬರುವವರು ಯಾರೆಂಬುದು ಚಿತ್ರರಂಗದಲ್ಲಿ ಯಾರಿಗೆ ತಿಳಿಯದು? ಆತನ ಮುಖದಲ್ಲಿ ಮೊದಲು ನೋವು, ಅದರ ಹಿಂದೆಯೇ ಬೆರಗು, ಒಂದರ ಮೇಲೊಂದು ಬಂದು ನಿಂತವು.

“ಇದೇ ಕೊನೇದು ಅಂತ ಗೊತ್ತಿತ್ತಲ್ಲ ನಿಮಗೆ.”

“ಗೊತ್ತಿತ್ತು.”

“ಕೂತಿದ್ರೆ ಬರ್ತಿತ್ತು.”

“ಬರ್ತಿತ್ತು. ಆಮೇಲೆ ಇಲ್ಲಿ ಎದುರು ಕೂತು ನಿಮ್ಮ ಮುಖ ನೋಡೋಕೆ ನನಗೆ ಆಗ್ತಿರ್ಲಿಲ್ಲ ಸೇತು. ನನಗೆ ಸಾಕಾಗಿದೆ. ಏನೂ ಅಲ್ಲ ಅಂತ ನಟಿಸಿ ನಟಿಸಿ ಸಾಕಾಗಿದೆ.” ಆಕೆ ಉಸಿರೆಳೆದುಕೊಂಡಳು. “ಸಂಬಂಧ ಏನು ಅಂತ ಬರೀಬೇಕಂತೆ. ನಾಲ್ಕಕ್ಕೆ ಮಾಶ್ ಪುಸ್ತಕ ಮುಚ್ತಾರೆ. ಏನು ಬರೀಲಿ?”

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಸೇತುನಾಥನು ನಕ್ಕನು, ದಣಿದ ನಗೆಯಾದರೂ ಅದು ಕಣ್ಣುಗಳವರೆಗೆ ಹೋಯಿತು.

“ಹನ್ನೊಂದು ವರ್ಷ ಸುಮ್ಮನಿದ್ದು, ಈಗ ಮುಕ್ಕಾಲು ಗಂಟೆ ಕೊಡ್ತೀರಲ್ಲ ಟೀಚರೇ!”

“ಸಾಲದಾ?”

“ಜಾಸ್ತೀನೇ ಆಯ್ತು.” ಆತನು ಉಟ್ಟಿದ್ದ ಪಂಚೆಯನ್ನು ಸರಿಪಡಿಸಿಕೊಂಡು ಎದ್ದನು. “ನಡೀರಿ, ನಾನೇ ಬರೀತೀನಿ.”

ಗ್ರಂಥಾಲಯದ ಮೆಟ್ಟಿಲುಗಳಲ್ಲಿ ಆಕೆ ಎರಡು ಬಾರಿ ನಿಂತಳು. ಎರಡನೆಯ ಬಾರಿ ಆತನು ಕೈ ನೀಡಿದನು, ಮೇಲೆ ತಲುಪಿದರೂ ಬಿಡಲಿಲ್ಲ. ಮಾಶ್ ತೆರೆದಿಟ್ಟ ನೀಲಿ ಪುಸ್ತಕದಲ್ಲಿ ಆಕೆಯ ಬರಹವನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡನೆಯ ಅಕ್ಷರಗಳಲ್ಲಿ ‘ಮನೆಯವಳು’ ಎಂದು ಬರೆದು, ಪುಸ್ತಕವನ್ನು ಆಕೆಯ ಕಡೆಗೆ ಸರಿಸಿದನು. “ಒಪ್ಪಿಗೆ ಇಲ್ದಿದ್ರೆ ನೀವೂ ಹೊಡೆದುಹಾಕಬಹುದು.”

ಆಕೆ ಹೊಡೆದುಹಾಕಲಿಲ್ಲ.

“ಯಾವಾಗಿಂದ?” ಮಾಶ್ ಗಂಭೀರವಾಗಿಯೇ ಕೇಳಿದರು. “ತಾರೀಖು ಬೇಕಲ್ಲ.”

“ಇವತ್ತಿನದೇ ಹಾಕಿ ಮಾಶೇ,” ಎಂದಳು ಹೇಮಾಂಬಿಕೆ.

ಮಾಶ್ ತಾರೀಖು ಹಾಕಿದರು. ಅದರ ಕೆಳಗೆ ಇಬ್ಬರೂ ರುಜು ಮಾಡಿದರು.